ಮಾನಪ್ಪನ ಕುಲುಮೆಗೆ ರಜೆ

ಬೆಂಗಳೂರಿನ ಗಂಗಾನಗರದ ತನ್ನ ಮನೆಯ ಹಿತ್ತಿಲಲ್ಲಿ ಕುಲುಮೆಗೊಂದು ಚಪ್ಪರ ಹಾಕುತ್ತೇನೆಂದು ಮಾನಪ್ಪ ಕಮ್ಮಾರ ಎಪ್ಪತ್ತಾರನೇ ಇಸವಿಯಲ್ಲಿ ಹೊರಟವನು. ಅಂದಿನಿಂದ ಅವನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಎರಡು ಬಡ್ತಿಯಾದವು, ಚಪ್ಪರಕ್ಕೆ ಒಂದು ಕಂಬವೂ ಆಗಲಿಲ್ಲ. ಭಾನುವಾರ ಬಂತೆಂದರೆ ಲುಂಗಿ ಎತ್ತಿ ಕಟ್ಟಿ ಸುಣ್ಣದಲ್ಲಿ ಗೆರೆ ಎಳೆಯುವನು. ಮುಂದಿನ ಭಾನುವಾರ, "ಗಾಳಿ ದಿಕ್ಕು ಬದಲಾಗೇತ್ರಿ, ಗಾಳಿ ಊದೋ ತಿದಿ ಈ ಕಡಿ ಬರಬೇಕು, ಇಲ್ಲಾಂದ್ರ ಹೊಗಿ ಅಡಗಿಮನಿ ಹೊಕ್ಕತೈತಿ" ಎಂದು ಅಳಿಸಿ ಇನ್ನೊಂದು ಎಳೆಯುವನು. ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನ ತಲೆಯ ಮೇಲೆ ಹಾರಿದರೆ, ಇಲ್ಲದ ಚಿಮಣಿಯನ್ನು ಮೊಳದಷ್ಟು ತಗ್ಗಿಸುವನು. ಊರಿಂದ ತಂದ ಅಪ್ಪನ ಕಬ್ಬಿಣ ಬಡಿಯುವ ಅಡಿಗಲ್ಲು ಮಂಚದಡಿ ಮನೆಯಳಿಯನಂತೆ ಬಿದ್ದುಕೊಂಡಿತ್ತು. ಹೆಂಡತಿ ಕಾಳವ್ವ ಗೆರೆಯೊಳಗೇ ಮೆಣಸಿನಕಾಯಿ ಒಣಹಾಕಿ, "ನಿಮ್ಮ ಕುಲುಮ್ಯಾಗ ಕಾದದ್ದು ಇದೊಂದ ನೋಡ್ರಿ" ಎನ್ನುವಳು. ಅಮಾವಾಸ್ಯೆ ಭಾನುವಾರಕ್ಕೆ ಬಿದ್ದರೆ ಮಾತ್ರ ಮಾನಪ್ಪ ಸುಣ್ಣ ಮುಟ್ಟುತ್ತಿರಲಿಲ್ಲ. "ಅಮಾಸಿಗೆ ಕುಲುಮಿ ಸೂಟಿ. ನಮ್ಮಪ್ಪನೂ ಹಚ್ತಿರಲಿಲ್ಲ." ಹುಟ್ಟದ ಕುಲುಮೆಗೂ ರಜೆಯೇ ಎಂದು ಬೀದಿಯೆಲ್ಲ ನಗುತ್ತಿತ್ತು. ಕಾಳವ್ವ ನಗುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆ ಮೆಣಸಿನಕಾಯಿ ಬಾಚಿ ಗೆರೆಯಾಚೆ ಹಾಕಿ, ಚಪ್ಪಲಿ ಬಿಟ್ಟು ಗೆರೆಯೊಳಗೆ ಹೋಗಿ, ಗಂಡ ಆ ವಾರ ಬೆಂಕಿಗುಂಡಿಯನ್ನು ಎಲ್ಲಿಗೆ ಸರಿಸಿದ್ದಾನೆಂದು ಒಮ್ಮೆಯೂ ಕೇಳದೆ, ಸರಿಯಾಗಿ ಅದೇ ಜಾಗಕ್ಕೆ ಕುಂಕುಮ ಇಡುತ್ತಿದ್ದಳು.