ಅಕ್ಕಿ ಚೀಲದ ಮೇಲೆ ಇಳಿದ ಹಿಮದ ಗುಡ್ಡ

ಕೊರೊನಾ ಕಳೆದ ಮೇಲಿನ ಎರಡನೆಯ ಚಳಿಗಾಲ ಅದು. ನನ್ನ ಗಂಡ ರಘು ಮೊದಲನೆಯದು ಅನ್ನುತ್ತಾರೆ. ಡೈರಿ ಬರೆಯುವ ಅಭ್ಯಾಸವಿದ್ದರೂ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬರೆಯುವಾಗಲೇ ಒಂದಿಷ್ಟು ಬಣ್ಣ ಸೇರಿಬಿಡುತ್ತದೆ. ಆದರೆ ಆ ಫೆಬ್ರುವರಿಯ ಲಾಂಗ್ ವೀಕೆಂಡಿನಲ್ಲಿ ನಡೆದದ್ದನ್ನು ಮಾತ್ರ ಯಾರು ಏನೇ ಅಂದರೂ ನಾನು ಬಿಟ್ಟುಕೊಡುವವಳಲ್ಲ.

ನಮ್ಮೂರು ಫಾರ್ಮಿಂಗ್ಟನ್ ಹಿಲ್ಸಿನಿಂದ ನಾವು ಪ್ರತಿ ಚಳಿಗಾಲ ಮಿಷಿಗನ್ನಿನ ಉತ್ತರದ ಗುಡ್ಡಗಳಿಗೆ ಸ್ಕೀಯಿಂಗಿಗೆ ಹೋಗುತ್ತೇವೆ. ನಾವು ಅಂದರೆ, ರಘು ಮತ್ತು ಮಗಳು ಅನಘಾ. ನಾನು ಮೊದಲ ವರ್ಷವೇ ಕಲಿಯುವವರ ಇಳಿಜಾರಿನಲ್ಲಿ ಬಿದ್ದು ಮೊಣಕಾಲು ತಿರುಚಿಕೊಂಡಿದ್ದೆ. ಅಲ್ಲಿಂದ ಮುಂದೆ ಗುಡ್ಡದ ಬುಡದಲ್ಲಿರುವ ಲಾಡ್ಜಿನ ಬೆಂಚಿನ ಮೇಲೆ ಕೂತು ಎಲ್ಲರ ಬ್ಯಾಗು, ಶೂ ಕಾಯುವುದು, ಮಧ್ಯಾಹ್ನಕ್ಕೆ ಪುಳಿಯೋಗರೆ ಬಿಸಿ ಮಾಡಿಡುವುದು ನನ್ನ ಕೆಲಸವಾಯಿತು. ಜೊತೆಗೆ ಬರುವ ಸ್ನೇಹಿತರ ಮಕ್ಕಳಿಗೆಲ್ಲ ನಾನು ‘ಬ್ಯಾಗ್ ಆಂಟಿ’. ನಗುತ್ತಿದ್ದೆ. ನಿಜಕ್ಕೂ ನಗುತ್ತಿದ್ದೆನೋ, ನಕ್ಕಂತೆ ಮಾಡುತ್ತಿದ್ದೆನೋ, ಈಗ ಹೇಳಲಾರೆ.

ಆ ವರ್ಷ ದೂರದ ಊರಾದ ಲಿಸ್ಲ್‌ನಿಂದ ಪಾಟೀಲರ ಕುಟುಂಬ ಬಂದಿತ್ತು. ಪಾಟೀಲರ ಹೆಂಡತಿ ಲತಾ ಧಾರವಾಡದವರು, ಅವರಿಗೂ ಸ್ಕೀಯಿಂಗ್ ಬಾರದು. ಮೊದಲ ದಿನ ಬೆಳಿಗ್ಗೆ ಎಲ್ಲರೂ ಬಾಡಿಗೆಯ ಸ್ಕೀ ಬೂಟು ಹಾಕಿಕೊಂಡು, ತಮ್ಮ ಶೂಗಳನ್ನು ನಮ್ಮ ಕಾಲ ಬಳಿ ರಾಶಿ ಹಾಕಿದರು.

“ನಿಮಗೆ ಕಂಪನಿ ಸಿಕ್ತು ಬಿಡಿ, ಬ್ಯಾಗ್ ಆಂಟಿ!” ಅಂದರು ಪಾಟೀಲರು.

ಅವರು ಹೋದ ಮೇಲೆ ಲತಾ ಆ ರಾಶಿಯನ್ನೇ ನೋಡುತ್ತ ಕೂತರು. “ಅಲ್ರೀ ಸುಮಾ, ಮಂದಿ ಬೂಟು ಕಾಯಾಕ ನಾನು ಲಿಸ್ಲ್‌ನಿಂದ ಬರಬೇಕಿತ್ತೇನ್ರೀ? ಬರೋ ದಾರ್ಯಾಗ ಪಾರ್ಕಿನ ಗುಡ್ಡದ ಮ್ಯಾಲೆ ಹುಡುಗ್ರು ಜಾರಾಕತ್ತಿದ್ರಲ್ಲ, ನಡ್ರಿ ಅಲ್ಲಿಗೆ.”

ಹೋಗೋಣ ಎಂದು ಮೊದಲು ಹೇಳಿದ್ದು ನಾನು ಎಂದೇ ಬಹಳ ದಿನ ನಂಬಿದ್ದೆ. ಇಲ್ಲ, ಅವರೇ. ನಾನು ಹೇಳಿದ್ದು “ಇವರ ಶೂ?” ಎಂದು ಮಾತ್ರ.

ಶೂಗಳನ್ನೆಲ್ಲ ನಮ್ಮ ವ್ಯಾನಿಗೆ ತುಂಬಿಕೊಂಡು ಹೊರಟೆವು. ಕೂತು ಜಾರುವ ಪ್ಲಾಸ್ಟಿಕ್ ಸ್ಲೆಡ್ ಆ ಊರಿನ ಅಂಗಡಿಯಲ್ಲಿ ಒಂದೂ ಉಳಿದಿರಲಿಲ್ಲ. ವ್ಯಾನಿನಲ್ಲಿ ಇದ್ದದ್ದು ಅಡುಗೆ ಸಾಮಾನು, ನನ್ನ ಯೋಗ ಮ್ಯಾಟು ಮತ್ತು ಅರ್ಧ ಖಾಲಿಯಾದ ಸೋನಾ ಮಸೂರಿ ಚೀಲ. ಲತಾ ಏನೂ ಕೇಳದೆ ಅಕ್ಕಿಯನ್ನು ದೊಡ್ಡ ಕುಕ್ಕರಿಗೆ ಸುರಿದರು.

ಆಗ ಕಂಡಿತು. ಚೀಲದ ಮೇಲೆ ಲಕ್ಷ್ಮಿ ಕೂತಿದ್ದಳು. ಚಿತ್ರ ಮೇಲೆ ಬಂದರೆ ನಾವು ಅವಳ ಮೇಲೆ ಕೂರಬೇಕು, ಕೆಳಗೆ ಬಂದರೆ ಅವಳನ್ನು ಹಿಮದಲ್ಲಿ ಎಳೆದಾಡಬೇಕು. ಇಬ್ಬರಿಗೂ ಮನಸ್ಸು ಬರಲಿಲ್ಲ. ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಮ್ಯಾಟು ಮಡಚಿ ಒಳಗಿಟ್ಟು, ಗುಡ್ಡದ ತುದಿಯಲ್ಲಿ ನಾನು ಕೂತೆ. ಒಳಮೈ ಒರಟು. ಸ್ವಲ್ಪ ದೂರ ತೆವಳಿ ಇಳಿಜಾರಿನ ನಡುವೆಯೇ ನಿಂತುಬಿಟ್ಟಿತು. ಅಕ್ಕಪಕ್ಕದಲ್ಲಿ ಮಕ್ಕಳು ಸರ್ರನೆ ಇಳಿದು ಹೋಗುತ್ತಿದ್ದರು. ನಾನು ಐವತ್ತು ದಾಟಿದವಳು, ಅಕ್ಕಿ ಚೀಲದ ಮೇಲೆ ಪ್ರತಿಷ್ಠಾಪನೆಯಾಗಿದ್ದೆ. ಕೆಳಗಿದ್ದ ತಾಯಂದಿರು ಮುಖ ಆಚೆ ತಿರುಗಿಸಿದರು. ಲಾಡ್ಜಿನ ಬೆಂಚು ನೆನಪಾಯಿತು. ಅಲ್ಲಿ ಬೆಚ್ಚಗಿರುತ್ತಿತ್ತು.

ಕುಂಟುತ್ತಾ ಮೇಲೆ ಬಂದೆ. ಲತಾ ತಮ್ಮ ಪರ್ಸಿನಿಂದ ಪುಟ್ಟ ಕತ್ತರಿ ತೆಗೆದು, ಲಕ್ಷ್ಮಿಯನ್ನು ಸುತ್ತಲೂ ಜೋಪಾನವಾಗಿ ಕತ್ತರಿಸಿ, ಕಣ್ಣಿಗೆ ಒತ್ತಿಕೊಂಡು ಪರ್ಸಿನೊಳಗೆ ಇಟ್ಟರು. “ಅಕೀ ಇಲ್ಲೇ ಇರಲಿ ತಗೋರಿ. ಪರ್ಸಿನ್ಯಾಗ ಲಕ್ಷ್ಮಿ ಇದ್ರ ಯಾರೂ ಬ್ಯಾಡ ಅನ್ನಂಗಿಲ್ಲ.”

ನುಣುಪು ಮೈ ಹೊರಗೆ ಮಾಡಿ, ತೂತನ್ನು ಮೇಲಿಟ್ಟು, ಈ ಸಲ ಇಬ್ಬರೂ ಒಟ್ಟಿಗೆ ಕೂತೆವು. ಮುಂದಿನದು ಚೂರುಚೂರಾಗಿ ನೆನಪಿದೆ. ಕಿವಿಯಲ್ಲಿ ಗಾಳಿ, ಲತಾ ಅವರ “ಯವ್ವಾ!”, ಅರ್ಧದಲ್ಲಿ ಚೀಲ ತಿರುಗಿ ಬೆನ್ನು ಮುಂದಾಗಿ ಇಳಿದದ್ದು, ಕೊನೆಗೆ ಬಾಯಿ ತುಂಬ ಹಿಮ. ಮೊಣಕಾಲು ನೋಯುತ್ತಿತ್ತು. ಎದ್ದು ಮತ್ತೆ ಹತ್ತಿದೆ.

ಎಷ್ಟನೆಯ ಸಲ ಹತ್ತುವಾಗಲೋ ರಘು ಫೋನ್ ಮಾಡಿದರು.

“ಎಲ್ಲಿದೀರಾ? ಎಲ್ರೂ ಊಟಕ್ಕೆ ಬಂದಿದೀವಿ. ನಮ್ಮ ಶೂ ಎಲ್ಲಿ?”

“ವ್ಯಾನಲ್ಲಿ.”

“ವ್ಯಾನ್ ಎಲ್ಲಿ?”

“ಗುಡ್ಡದ ಹತ್ರ. ಇನ್ನೊಂದು ಸಲ ಜಾರಿ ಬರ್ತೀವಿ.”

ನಾವು ವಾಪಸು ಹೋದಾಗ ಎಲ್ಲರೂ ನಡೆಯಲೂ ಆಗದ ಆ ಗಡುಸು ಸ್ಕೀ ಬೂಟಿನಲ್ಲೇ ಕೂತಿದ್ದರು. ಲತಾ ಚೀಲದ ಕತೆಯನ್ನೆಲ್ಲ ಹೇಳಿದರು.

“ಆ ಕಾಲು ಇಟ್ಕೊಂಡು? ಏನಾದ್ರೂ ಆಗಿದ್ರೆ?” ರಘು ಗದರಿದರು.

“ಬೆಂಚಿನ ಮೇಲೆ ಕೂತೂ ಏನೋ ಆಗ್ತಾನೇ ಇತ್ತು ರಘು. ನೀವು ನೋಡ್ಲಿಲ್ಲ.”

ಅನಘಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಮ್ಮಾ, ಆನ್ ಎ ರೈಸ್ ಬ್ಯಾಗ್? ಸೀರಿಯಸ್ಲಿ?” ನಾಚಿಕೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ಶೂ ಹಾಕಿಕೊಳ್ಳಲು ಬಗ್ಗಿದವಳು ಬೆಂಚಿನ ಹಿಂದಿನ ಗೋಡೆಯತ್ತ ಕೈ ತೋರಿಸಿದಳು. “ಡ್ಯಾಡ್, ದೇರ್ ಆರ್ ಲಾಕರ್ಸ್ ಹಿಯರ್.”

ಬ್ಯಾಗು, ಶೂ ಇಟ್ಟು ಬೀಗ ಹಾಕುವ ಲಾಕರುಗಳು, ಸಾಲಾಗಿ. ನಾನು ಅಷ್ಟು ವರ್ಷ ಅವಕ್ಕೇ ಬೆನ್ನು ಕೊಟ್ಟು ಕೂತಿದ್ದೆ. ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಈಗ ಪ್ರತಿ ಚಳಿಗಾಲಕ್ಕೆ ಒಂದು ಗಟ್ಟಿ ಚೀಲ ಎತ್ತಿಡುತ್ತೇನೆ, ನವಿಲಿನ ಚಿತ್ರದ್ದು. ಅದೊಂದು ಗುಡ್ಡವೇ ಅಲ್ಲ, ಹೈವೇ ಪಕ್ಕದ ದಿಬ್ಬದಷ್ಟೂ ಇಲ್ಲ ಎಂದು ರಘು ನಗುತ್ತಾರೆ. ಇರಬಹುದು. ನನ್ನ ನೆನಪಿನಲ್ಲಿ ಅದು ವರ್ಷವರ್ಷಕ್ಕೂ ಬೆಳೆಯುತ್ತಿರಬಹುದು. ಆದರೆ ಅದರ ತುದಿಯಲ್ಲಿ ಕೂತವಳು ನಾನು, ಇಳಿದವಳೂ ನಾನೇ. ಶೂ ಅವರವರೇ ನೋಡಿಕೊಳ್ಳಲಿ.