ಬುರುಡೆ ಸಲೂನ್

ನಮ್ಮ ಬೀದಿಯ ತಿರುವಿನಲ್ಲಿರುವ ಕ್ಷೌರದ ಅಂಗಡಿಗೆ ಹೊಸ ಬೋರ್ಡು ಬಂದಿದೆ: ‘ಬುರುಡೆ ಹೇರ್ ಕಟಿಂಗ್ ಸಲೂನ್’. ಹಳದಿ ಬಣ್ಣದ ಮೇಲೆ ದಪ್ಪ ಕೆಂಪು ಅಕ್ಷರ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಚಾಚಿ ಓದಿ ನಗುತ್ತಾರೆ. ತಲೆಕೂದಲು ಕತ್ತರಿಸುವ ಅಂಗಡಿಗೆ ಬುರುಡೆ ಎಂದು ಹೆಸರಿಟ್ಟರೆ ನಗು ಬರುವುದು ಸಹಜವೇ. ಆದರೆ ಆ ಹೆಸರು ತಲೆಬುರುಡೆಯಿಂದ ಬಂದದ್ದಲ್ಲ. ಈ ಊರಿನ ಓದಿದವರು ಸಭೆ ಸೇರಿ, ಮೈಕು ಹಿಡಿದು, ಒಬ್ಬ ಮನುಷ್ಯನ ಹಣೆಗೆ ಅಂಟಿಸಿದ ಹೆಸರು ಅದು. ಅವನು ಅದನ್ನು ಹಣೆಯಿಂದ ಕಿತ್ತು ಬಾಗಿಲ ಮೇಲೆ ಹಾಕಿಕೊಂಡಿದ್ದಾನೆ. ಯಾಕೆ ಎಂದು ಹೇಳುತ್ತೇನೆ. ನಗುವುದಿದ್ದರೆ ಆಮೇಲೆ ನಗಿ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬುರುಡೆ ಬಿಡುವುದರಲ್ಲಿ ನಮ್ಮ ಸಲೂನಿನವನು ನಿಸ್ಸೀಮ. ಯಾವುದೋ ಸಿನಿಮಾ ನಟನ ಕಾರು ಅವನ ಅಂಗಡಿ ಮುಂದೆ ಕೆಟ್ಟು ನಿಂತಾಗ ಇವನು ಕುಡಿಯಲು ನೀರು ಕೊಟ್ಟದ್ದು ನಿಜವಂತೆ. ಮರುವಾರ ಆ ನೀರು ಶೇವಿಂಗ್ ಆಯಿತು. ಅದರ ಮರುವಾರ ನಟ ಕನ್ನಡಿ ನೋಡಿಕೊಂಡು, ‘ಇಷ್ಟು ದಿನ ಎಲ್ಲಿದ್ದೆಯಯ್ಯಾ’ ಎಂದು ಇವನನ್ನು ತಬ್ಬಿಕೊಂಡಿದ್ದ. ಇವನ ಕಥೆಗಳು ಗಡ್ಡದ ಹಾಗೆ, ಬಿಟ್ಟಷ್ಟೂ ಬೆಳೆಯುತ್ತವೆ. ಪರದೆಯ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿರುತ್ತಾಳೆ. ಕಥೆ ತೀರಾ ಮಿತಿಮೀರಿದಾಗ ಯಂತ್ರ ನಿಲ್ಲುತ್ತದೆ.

“ರೀ, ಹೋದ ವಾರ ಆ ಹಾವು ಮೊಳದುದ್ದ ಇತ್ತು!”

“ಬೆಳೆಯೋ ವಯಸ್ಸು ಕಣೇ ಅದಕ್ಕೆ!”

ಯಂತ್ರ ಮತ್ತೆ ಓಡುತ್ತದೆ.

ಅಂಗಡಿ ಎಂದರೆ ಎರಡು ಕುರ್ಚಿ, ಅಂಚಿನಲ್ಲಿ ಪಾದರಸ ಹೋದ ಉದ್ದ ಕನ್ನಡಿ, ನೀರು ಚಿಮುಕಿಸುವ ಬಾಟಲಿ, ಗೋಡೆಗೆ ಸಾಲಾಗಿ ಮೊಳೆ. ಮೊಳೆಗಳಿಗೆ ಟವೆಲು. ಕೊನೆಯ ಮೊಳೆಗೆ ಒಂದು ಹಳೆಯ ದುರ್ಬೀನು. ಅದರ ಎಡಗಣ್ಣಿಗೆ ಬೂಷ್ಟು ಹಿಡಿದಿದೆ. ಹಾಗಾಗಿ ಅವನು ಹಕ್ಕಿ ನೋಡುವುದು ಬಲಗಣ್ಣಿನಲ್ಲಿ ಮಾತ್ರ, ಹುಡುಗಿಗೆ ಕಣ್ಣು ಹೊಡೆದವನಂತೆ. ರಜೆಯ ದಿನ ಬೆಳಿಗ್ಗೆ ಸೈಕಲ್ ಹತ್ತಿ ಊರಾಚೆಯ ಕುರುಚಲಿನ ಕಡೆ ಹೊರಟನೆಂದರೆ ಬಿಸಿಲೇರುವ ಮುಂಚೆ ಮನೆಗೆ.

ನಮ್ಮೂರಲ್ಲಿ ಒಂದು ಪಕ್ಷಿಪ್ರಿಯರ ಬಳಗವಿದೆ. ವಾಚನಾಲಯದ ಮಹಡಿಯಲ್ಲಿ ಸೇರುತ್ತದೆ. ಅಧ್ಯಕ್ಷರು ಹಲ್ಲಿನ ಡಾಕ್ಟರು. ನಮ್ಮವನೂ ಸದಸ್ಯ. ಅವನ ಅಂಗಡಿಯಲ್ಲಿ ಊರವರೆಲ್ಲ ಕೂರುತ್ತಾರೆ, ಅವನೊಬ್ಬ ನಿಂತಿರುತ್ತಾನೆ. ಆ ಮಹಡಿಯ ಮೇಲೆ ಅವನಿಗೂ ಒಂದು ಕುರ್ಚಿ ಇತ್ತು. ಮುಂದಿನ ಸಾಲಿನಲ್ಲಿ, ಕಿಟಕಿ ಪಕ್ಕ. ಯಾರಾದರೂ ಅಲ್ಲಿ ಕೂತರೆ “ಅದು ನಮ್ಮ ಸಲೂನಿನವರದು” ಎಂದು ಬೇರೆಯವರೇ ಎಬ್ಬಿಸುತ್ತಿದ್ದರು. ಬಹುವಚನ ನೋಡಿ! ಅವನು ಬದುಕಿನಲ್ಲಿ ಸಂಪಾದಿಸಿದ್ದು ಏನು ಎಂದು ಕೇಳಿದ್ದರೆ ಆ ಕುರ್ಚಿಯನ್ನೇ ತೋರಿಸುತ್ತಿದ್ದನೇನೋ.

ಹೋದ ವರ್ಷ ಆ ಕುರುಚಲಿನ ಒಂದು ಮುಳ್ಳುಪೊದೆಯಲ್ಲಿ ಅಪರೂಪದ ಹಕ್ಕಿಯೊಂದು ಗೂಡು ಕಟ್ಟಿತು. ಅದರ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾದರೆ ಎಂಥ ಪೊದೆ ಹುಡುಕಬೇಕು ಎಂದು ಗೊತ್ತಾಗುವ ಜನ ಈ ಅಂಕಣ ಓದುತ್ತಾರೆ. ಗೂಡಿನ ಸುದ್ದಿ ಬಳಗಕ್ಕೆ ಮುಟ್ಟಿದ ದಿನ ಡಾಕ್ಟರು ಅಂಗಡಿಗೆ ಬಂದು, “ಹಳೇ ಕತ್ತರಿ ಇದ್ರೆ ಕೊಡಯ್ಯ, ಕ್ಯಾಮೆರಾ ಸ್ಟ್ಯಾಂಡಿಗೆ ಹಗ್ಗ ಕಟ್ಟೋದಿದೆ” ಎಂದರು. ಕೊಟ್ಟ. ವಾಪಸು ಬಂದ ಕತ್ತರಿಯ ಅಲಗಿನ ಮೇಲೆ ಹಸಿರು ಅಂಟು ಒಣಗಿತ್ತು, ಬಾಯಿ ಹೋಗಿತ್ತು. ಹಗ್ಗಕ್ಕೆ ಹಸಿರು ಎಲ್ಲಿಂದ ಬಂತು?

ಉತ್ತರ ಮುಂದಿನ ಸಭೆಯಲ್ಲಿ ಪರದೆಯ ಮೇಲೆ ಮೂಡಿತು. ಗೂಡು, ಗೂಡಿನಲ್ಲಿ ಹಕ್ಕಿ, ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕಿ. ಎದುರಿಗೆ ಒಂದು ಮುಳ್ಳಿನ ಅಡ್ಡಿಯೂ ಇಲ್ಲ. ಚಪ್ಪಾಳೆಯೋ ಚಪ್ಪಾಳೆ. ನಮ್ಮವನು ಅದೇ ಗೂಡನ್ನು ದೂರದಿಂದ ನೋಡಿದ್ದ. ಮುಳ್ಳಿನ ಸಂದಿಯಲ್ಲಿ ಬಾಲದ ತುದಿಯಷ್ಟೇ ಕಂಡಿತ್ತು ಅವನಿಗೆ.

“ಗೂಡಿನ ಮುಂದೆ ಪರದೆ ಥರ ಕೊಂಬೆ ಇತ್ತಲ್ಲ ಡಾಕ್ಟ್ರೇ? ಎಲ್ಲಿ ಹೋಯ್ತು?”

“ಸ್ವಲ್ಪ ಟ್ರಿಮ್ ಮಾಡಿದ್ವಪ್ಪ. ನೀನು ದಿನಾ ಮಾಡೋ ಕೆಲಸಾನೇ.”

ಎಲ್ಲರೂ ನಕ್ಕರು. ಮುಂದಿನ ರಜೆಯಲ್ಲಿ ಇವನು ಹೋಗಿ ನೋಡಿದರೆ ಪೊದೆಯಲ್ಲಿ ಬಾಗಿಲಿನಂತೆ ತೂತು. ಬಿಸಿಲು ನೇರ ಗೂಡಿಗೆ ಬೀಳುತ್ತಿತ್ತು. ಪಕ್ಕದ ಕಂಬದ ಮೇಲೆ ಕಾಗೆಗಳು ಕೂತಿದ್ದವು, ಊಟ ಮುಗಿಸಿದವರ ಹಾಗೆ. ಕೆಳಗೆ ಮೊಟ್ಟೆಯ ಸಿಪ್ಪೆ. ಆ ಫೋಟೋಗೆ ಮಾತ್ರ ಬಹುಮಾನ ಬಂತು, ಈಗಲೂ ಹಲ್ಲಿನ ಆಸ್ಪತ್ರೆಯ ಗೋಡೆಯ ಮೇಲಿದೆ. ಬಾಯಿ ತೆರೆದು ಕೂತ ರೋಗಿಗೆ ನೇರ ಕಾಣುವ ಹಾಗೆ. ಕೂಲಿಯವನೊಬ್ಬ ಒಲೆಗೆಂದು ಅದೇ ಪೊದೆ ಕಡಿದಿದ್ದರೆ ಈ ಬಳಗ ಪತ್ರಿಕೆಗೆ ಹೇಳಿಕೆ ಕೊಡುತ್ತಿತ್ತು. ಪ್ರೀತಿಯಿಂದ ಕಡಿದರೆ ಬಹುಮಾನ!

ಇವನು ಆ ಕತ್ತರಿಗೆ ಸಾಣೆ ಹಿಡಿಸಲಿಲ್ಲ. ದುರ್ಬೀನಿನ ಪಕ್ಕದ ಮೊಳೆಗೆ ನೇತುಹಾಕಿದ.

ಈ ವರ್ಷ ಬಳಗ ಊರಿನ ಹಕ್ಕಿಗಳ ಬಗ್ಗೆ ಪುಸ್ತಕ ತರಲು ಹೊರಟಿತು. ಸಭೆಯಲ್ಲಿ ಡಾಕ್ಟರು ಆ ಅಪರೂಪದ ಹಕ್ಕಿಯ ಪುಟ ತೆಗೆದು ಓದಿದರು: “ಈ ಪಕ್ಷಿಯು ಈಗ ನಮ್ಮಲ್ಲಿ ಗೂಡು ಕಟ್ಟುವುದಿಲ್ಲ. ಕಾರಣ ತಿಳಿದುಬಂದಿಲ್ಲ.”

ಕಿಟಕಿ ಪಕ್ಕದ ಕುರ್ಚಿ ಹಿಂದಕ್ಕೆ ಸರಿದ ಸದ್ದು.

“ಕಾರಣ ನನ್ನ ಅಂಗಡಿ ಮೊಳೇಲಿ ನೇತಾಡ್ತಿದೆ, ಬಂದು ನೋಡಿ! ಇನ್ನು ಗೂಡು ಕಟ್ಟಲ್ಲ ಅನ್ನೋದು ಹಸಿ ಸುಳ್ಳು. ಈ ಸಲಾನೂ ಕಟ್ಟಿದೆ, ಬೇರೆ ಕಡೆ. ಹೆಣ್ಣು ಕಾವಿಗೆ ಕೂತಿದೆ. ನೋಡ್ಕೊಂಡೇ ಬಂದಿದ್ದೀನಿ.”

ಬಾಯಿ ಜಾರಿತ್ತು. ಸಭೆಯ ಕಣ್ಣುಗಳೆಲ್ಲ ಅವನ ಮೇಲೆ.

“ಎಲ್ಲಿ?”

ಉತ್ತರ ಹೇಳಲು ಬಾಯಿ ತೆರೆದವನು, ಆ ‘ಎಲ್ಲಿ’ಯಲ್ಲಿದ್ದ ಆಸೆ ಕೇಳಿ ಮುಚ್ಚಿಕೊಂಡ.

“ಹೇಳಲ್ಲ.”

ಮುಂದಿನ ಸಭೆಗೆ ಜಾಗ ತೋರಿಸಬೇಕು, ಇಲ್ಲವೇ ಫೋಟೋ ತರಬೇಕು, ಇಲ್ಲದಿದ್ದರೆ ಬಳಗದಿಂದ ಹೊರಗೆ ಎಂದು ತೀರ್ಮಾನವಾಯಿತು. ಒಂದು ಕಡೆ ಆ ಕುರ್ಚಿ, ಇನ್ನೊಂದು ಕಡೆ ಆ ಗೂಡು.

ವಾರದೊಳಗೆ ಡಾಕ್ಟರು ಶೇವಿಂಗ್ ನೆಪದಲ್ಲಿ ಬಂದರು. ಪಕ್ಕದ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ನಾನಿದ್ದೆ.

“ನೋಡಯ್ಯ, ಬೇರೆಯವರನ್ನ ಬಿಡು. ನಾನೊಬ್ಬನೇ ಬರ್ತೀನಿ. ಒಂದೇ ಒಂದು ಫೋಟೋ.”

“ಅಲ್ಲಾಡಬೇಡಿ ಡಾಕ್ಟ್ರೇ, ಕತ್ತಿ ಗಂಟಲ ಹತ್ರ ಇದೆ.”

“ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತೀವಿ.”

“ಈಗ ಹಿಂದಿನಿಂದ ಯಾರಾದ್ರೂ ಬಂದು ‘ಡಾಕ್ಟ್ರೇ!’ ಅಂತ ಕಿರುಚಿದ್ರೆ ಏನಾಗುತ್ತೆ?”

ಡಾಕ್ಟರ ಕಣ್ಣು ಕನ್ನಡಿಯಲ್ಲಿ ಅಗಲವಾಯಿತು.

“ಗೂಡಲ್ಲಿ ಕೂತಿರೋದೂ ಹೀಗೇನೇ. ಕತ್ತಿ ಕೆಳಗೆ ಕೂತ ಹಾಗೆ. ಅದು ಎದ್ರೆ ಮೊಟ್ಟೆ ಬಿಸಿಲಿಗೆ, ಇಲ್ಲಾ ಕಾಗೆಗೆ. ನಾನು ಅಷ್ಟು ದೂರದಲ್ಲಿ ಬಂಡೆ ಮರೇಲಿ ಕೂತ್ಕೋತೀನಿ. ಅದು ಕತ್ತು ಎತ್ತಿ ನನ್ನ ಕಡೆ ನೋಡ್ತು ಅಂದ್ರೆ ನಾನು ಜಾಸ್ತಿ ಹತ್ರ ಬಂದಿದ್ದೀನಿ ಅಂತ ಅರ್ಥ. ಎದ್ದು ವಾಪಸ್. ಹೋದ ದಾರೀಲೇ ಮತ್ತೆ ಹೋಗಲ್ಲ, ಕಾಲುದಾರಿ ಬಿದ್ರೆ ನಾಯಿಗಳು ಹಿಡ್ಕೊಂಡು ಬರ್ತವೆ. ಬರೋದು ಬರೀ ನಾಯಿಗಳೇನಾ? ಕೆನ್ನೆ ಈ ಕಡೆ ತಿರುಗಿಸಿ.”

ಡಾಕ್ಟರು ಕೆನ್ನೆ ತಿರುಗಿಸಿದರು, ಮಾತು ತಿರುಗಿಸಲಿಲ್ಲ. ಎದ್ದು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, “ಸಿನಿಮಾ ನಟನಿಗೆ ಶೇವ್ ಮಾಡಿದವನಲ್ವಾ ನೀನು? ಹಕ್ಕೀನೂ ಹಾಗೇ ಬಂದಿರುತ್ತೆ ಬಿಡು” ಎಂದು ಹೋದರು. ಒಳಗೆ ಹೊಲಿಗೆ ಯಂತ್ರ ನಿಂತಿತ್ತು. ಮತ್ತೆ ಓಡಲು ಬಹಳ ಹೊತ್ತು ಹಿಡಿಯಿತು.

ರಜೆಯ ದಿನ ಅವನ ಸೈಕಲ್ಲಿನ ಹಿಂದೆ ಎರಡು ಕಾರು ಬಿದ್ದವು, ಉದ್ದ ಮೂತಿಯ ಕ್ಯಾಮೆರಾಗಳ ಸಮೇತ. ಅವನಿಗೆ ಗೊತ್ತಾಯಿತು. ಇಡೀ ಊರು ಸುತ್ತಿಸಿದ. ಕಸದ ಗುಡ್ಡೆಯ ಹತ್ತಿರ ಇಳಿದು ದುರ್ಬೀನು ಏರಿಸಿದ. ಕಾರಿನವರೂ ಮೂಗು ಮುಚ್ಚಿಕೊಂಡು ಕ್ಯಾಮೆರಾ ಏರಿಸಿದರು. ಕೊನೆಗೆ ಅತ್ತೆಯ ಮನೆಗೆ ಹೋಗಿ ಮಂಚ ಹಾಕಿಸಿಕೊಂಡು ಮಲಗಿದ. ಬಾಗಿಲಲ್ಲಿ ಕಾರು ಕಂಡ ಅತ್ತೆ, “ಅಳಿಯಂದಿರೇ, ಇದೇನು ಮೆರವಣಿಗೆ ಸಮೇತ ಬಂದುಬಿಟ್ರಿ?” ಎಂದರಂತೆ. ಈ ಕಥೆಯನ್ನು ಅವನು ಹೇಳುವಾಗ ಕಾರುಗಳ ಸಂಖ್ಯೆ ಈಗಾಗಲೇ ಹೆಚ್ಚಾಗಿದೆ. ಎರಡೇ. ನಾನೇ ಕಣ್ಣಾರೆ ಕಂಡಿದ್ದೇನೆ.

ಆದರೆ ನಗಿಸುತ್ತಾ ಅವನು ಬಾಯಿಬಿಡದ ಮಾತೊಂದಿದೆ. ಅಂದಿನಿಂದ ಅವನು ಗೂಡಿನ ಕಡೆ ಹೋಗಲೇ ಇಲ್ಲ. ಹೋದರೆ ಹಿಂದೆ ಕಾರು. ಮೊಟ್ಟೆ ಒಡೆಯುವ ಕಾಲ, ಮರಿ ಬಾಯಿ ತೆರೆಯುವ ಕಾಲ, ರೆಕ್ಕೆ ಬಡಿಯುವ ಕಾಲ. ಒಂದು ವರ್ಷ ಕಾದಿದ್ದು ಅದಕ್ಕಾಗಿ. ಅದನ್ನೆಲ್ಲ ಅಂಗಡಿಯಲ್ಲಿ ಕೂತು ಗೋಡೆ ನೋಡಿಕೊಂಡು ಕಳೆದ. ರಜೆಯ ದಿನವೂ ಅಂಗಡಿ ತೆರೆದ. ಹಕ್ಕಿಯನ್ನು ಪ್ರೀತಿಸುತ್ತೇವೆ ಎನ್ನುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಹಕ್ಕಿಗಾಗಿ ನೋಡದೆ ಇರಬಲ್ಲವರು ಎಷ್ಟು ಜನ? ಕೈ ಎತ್ತಿ.

ಸಭೆಯ ದಿನ ಬಂತು. ಹೆಂಡತಿಯೂ ಜೊತೆಗೆ ಹೋಗಿದ್ದಳು, ಅಷ್ಟು ದಿನ ಅವಳಿಗೂ ಜಾಗ ಹೇಳಿರಲಿಲ್ಲವೆಂದು ಮುಖ ಗಂಟುಹಾಕಿಕೊಂಡೇ. ಜಾಗ? ಹೇಳಲ್ಲ. ಫೋಟೋ? ಇಲ್ಲ. ಡಾಕ್ಟರು ಮೈಕು ಹತ್ತಿರ ಎಳೆದುಕೊಂಡರು.

“ಬಳಗಕ್ಕೆ ಬುರುಡೆ ಬೇಡ, ಆಧಾರ ಬೇಕು. ಬುರುಡೆ ಬಿಡೋರಿಗೆ ಅವರ ಅಂಗಡೀನೇ ಸರಿ.”

ಆಗ ಎದ್ದವಳು ಅವಳು.

“ಡಾಕ್ಟ್ರೇ, ಇವರು ಬುರುಡೆ ಬಿಡೋದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು, ಕಟ್ಕೊಂಡಿರೋಳು ನಾನು. ಇವರ ಬುರುಡೆ ದಿನಾ ಬೆಳೆಯುತ್ತೆ. ಹಾವು ಬೆಳೆಯುತ್ತೆ, ನಟ ಬೆಳೀತಾನೆ. ಈ ಹಕ್ಕಿ ಮೊದಲ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಒಂದು ಪುಕ್ಕ ಜಾಸ್ತಿ ಆಗಿಲ್ಲ. ನಿಮಗೆ ಇನ್ನೇನು ಆಧಾರ ಬೇಕು?”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಊರಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಸಾಕ್ಷಿಗೆ ಸಿಕ್ಕ ಮರ್ಯಾದೆ ಅದು. ಕೈ ಎತ್ತಿ ಮತ ಹಾಕಿದರು. ಅವನನ್ನು ಹೊರಗೆ ಹಾಕಿದರು. ಅವನು ತನ್ನ ಕುರ್ಚಿಯನ್ನು ಒಮ್ಮೆ ಟವೆಲಿನಲ್ಲಿ ಒರೆಸಿದ, ಗಿರಾಕಿ ಎದ್ದ ಮೇಲೆ ಒರೆಸುವ ಹಾಗೆ. “ಮುಂದಿನವರು ಕೂತ್ಕೊಳ್ಳಿ” ಎಂದು ಹೆಂಡತಿಯ ಜೊತೆ ಮೆಟ್ಟಿಲಿಳಿದ.

ಊರು ಮರೆತ ಮೇಲೆ, ಮರಿಗಳ ಕಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಹೋಗಿಬಂದನಂತೆ. ನನ್ನ ಕತ್ತಿನ ಹಿಂದೆ ಮೆಷಿನ್ ಆಡಿಸುತ್ತ ಹೇಳಿದ.

“ಖಾಲಿ ಇತ್ತು ಅಣ್ಣ. ಗೂಡು ಗಟ್ಟಿಯಾಗಿತ್ತು. ಅಂಚೆಲ್ಲ ತುಳಿದು ತುಳಿದು ಚಪ್ಪಟೆ, ಕೆಳಗೆ ರಾಶಿ ಹಿಕ್ಕೆ. ಮರಿ ದೊಡ್ಡವಾಗೇ ಹೋಗಿರೋದು.”

“ಹಾರಿದ್ದು ನೋಡಿದ್ಯಾ?”

ಮೆಷಿನ್ ನಿಂತಿತು. ಅವನ ಬಾಯಲ್ಲಿ ಒಂದು ಬೃಹತ್ ಕಥೆ ರೆಕ್ಕೆ ಬಿಚ್ಚುತ್ತಿದ್ದುದು ಕನ್ನಡಿಯಲ್ಲಿ ಕಂಡಿತು.

“ಇಲ್ಲ,” ಎಂದ. “ಒಂದು ಗರಿ ಬಿದ್ದಿತ್ತು. ಅವರು ನೋಡಿದ್ರೆ ಗುರುತು ಹಿಡೀತಿದ್ರು.”

“ತಂದು ಅವರ ಮುಖಕ್ಕೆ ಹಿಡಿಯೋದಲ್ವೇನೋ!”

“ಹಿಡಿದಿದ್ರೆ ಗೆಲ್ತಿದ್ದೆ. ಗೆದ್ರೆ ಬರೋ ವರ್ಷ ಪೊದೆ ಪೊದೇಲೂ ಇಡೀ ಊರು. ಬೇಡ ಅಣ್ಣ. ಬುರುಡೆ ಅಂತಾನೇ ಇರ್ಲಿ. ನಾನು ಬುರುಡೆ ಆಗಿರೋವರೆಗೂ ಅಲ್ಲಿ ಯಾರೂ ಹುಡುಕಲ್ಲ.”

ಗರಿ ಬಿದ್ದಲ್ಲೇ ಬಿಟ್ಟು ಬಂದಿದ್ದ. ಮರುವಾರವೇ ಪೇಂಟರನ್ನು ಕರೆಸಿ ಬೋರ್ಡು ಬರೆಸಿದ. ಅಕ್ಷರ ಇನ್ನಷ್ಟು ದಪ್ಪ ಮಾಡಿಸಿದ್ದು ಹೆಂಡತಿ.

ಮೊನ್ನೆ ಬೇರೆ ಊರಿನ ಒಬ್ಬ ಹುಡುಕಿಕೊಂಡು ಬಂದ. ಕುತ್ತಿಗೆಯಲ್ಲಿ ಮೊಳದುದ್ದದ ಕ್ಯಾಮೆರಾ. ಸಲೂನಿನವನು ಗಿರಾಕಿಯ ಮೀಸೆಯಲ್ಲಿ ಮುಳುಗಿದ್ದ, ತಲೆ ಎತ್ತಲಿಲ್ಲ.

“ಇಲ್ಲಿ ಯಾರಿಗೋ ಆ ಅಪರೂಪದ ಹಕ್ಕಿ ಗೂಡು ಗೊತ್ತಂತಲ್ಲ?”

ಹೊಲಿಗೆ ಯಂತ್ರ ನಿಂತಿತು. ಪರದೆ ಸರಿಯಿತು. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಅವಳು ಬೋರ್ಡಿನ ಕಡೆ ಕೈ ತೋರಿಸಿದಳು.

“ಓದೋಕೆ ಬರುತ್ತಲ್ವಾಪ್ಪ? ಇಲ್ಲಿ ಹಕ್ಕಿ ಪಕ್ಕಿ ಏನಿಲ್ಲ. ಬರೀ ಬುರುಡೆ.”