ಎಣ್ಣೆ ಕಡಿಮೆ ಹಾಕಿದ ಟರ್ನರ್

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷದಿಂದ ಲೇತ್ ಮುಂದೆ ನಿಂತಿರುವ ಆ ಟರ್ನರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಎಲ್ಲರೂ ಕರೆಯುವುದು ತುರಿಕೆ ಅಂತ. ಚರ್ಮದ ರೋಗವೇನಿಲ್ಲ, ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಎದುರಿಗೆ ಕೂತವನ ಪೆನ್ನು ಈಸಿಕೊಂಡು ಬಿಚ್ಚುತ್ತಾನೆ, ಒಳಗಿನ ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿ, "ಈಗ ನೋಡಿ" ಅಂತ ವಾಪಸ್ ಕೊಡುತ್ತಾನೆ. ಪೆನ್ನು ಆಮೇಲೆ ಚೆನ್ನಾಗಿಯೇ ಬರೆಯುತ್ತದೆ. ಆದರೆ ಅವನನ್ನು ಕೇಳಿದ್ದು ಯಾರು?

ಮುಷ್ಕರದ ವರ್ಷ ಡಿಪೋದ ಸಂಘದವರಾದ ನಾವು ಅವನಿಗೆ ಕರಪತ್ರದ ಕಟ್ಟುಗಳನ್ನು ಕೊಟ್ಟು, ಗುಟ್ಟಾಗಿ ಹತ್ತು ಗೇಟುಗಳಿಗೆ ಮುಟ್ಟಿಸು ಅಂದೆವು. ಅವನು ಹೊರಟಿದ್ದು ಊರಲ್ಲೇ ಅತಿ ಹೆಚ್ಚು ಸದ್ದು ಮಾಡುವ ಗಾಡಿಯ ಮೇಲೆ. ಮೂರು ಬೀದಿ ಆಚೆಯಿಂದ ಪೊಲೀಸರಿಗೆ ಕೇಳಿಸುತ್ತಿತ್ತು. ಕೇಳಿಸಿದರೇನು, ಅವರು ಜೀಪು ಸ್ಟಾರ್ಟ್ ಮಾಡುವ ಹೊತ್ತಿಗೆ ಇವನು ಮುಂದಿನ ಗೇಟಿನಲ್ಲಿರುತ್ತಿದ್ದ. ಅವತ್ತು ಹತ್ತೂ ಗೇಟಿಗೆ ಕರಪತ್ರ ತಲುಪಿತು. ಮುಷ್ಕರ ಸೋತಿತು, ಅದು ಬೇರೆ ಮಾತು.

ಆ ಗಾಡಿ ಒಂದು ಟೂ-ಸ್ಟ್ರೋಕ್ ಸ್ಪೋರ್ಟ್ಸ್ ಬೈಕು. ಒಂದೇ ಸಿಲಿಂಡರು, ತೆಳ್ಳಗಿನ ಮೈ, ಕಿವಿ ಹರಿಯುವ ಕಿರುಚು. ಅವನ ಮದುವೆಗಿಂತ ಎರಡು ವರ್ಷ ಮೊದಲೇ ಮನೆಗೆ ಬಂದದ್ದು. ಶಾಲೆಯ ವ್ಯಾನ್ ಓಡಿಸುವ ಅವನ ಹೆಂಡತಿ ಯಾರಾದರೂ ಹೊಸಬರು ಬಂದರೆ ತನ್ನನ್ನು ಪರಿಚಯ ಮಾಡಿಕೊಳ್ಳುವುದೇ, "ನಾನು ಎರಡನೆಯವಳು. ಹಿರಿಯವಳು ಹೊರಗೆ ನಿಂತಿದಾಳೆ" ಅಂತ.

ಟೂ-ಸ್ಟ್ರೋಕ್ ಇಂಜಿನ್ನಿಗೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತ ತಾನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಕಿಂಡಿಯನ್ನು ಕೂದಲೆಳೆಯಷ್ಟು ಎತ್ತರಿಸಿದರೂ ಗಾಡಿಯ ಗುಣ ಬದಲಾಗುತ್ತದೆ. ಕೈ ತುರಿಸುವವನಿಗೆ ಇದಕ್ಕಿಂತ ಕೆಟ್ಟ ಚಟ ಬೇರೆ ಬೇಕೆ? ಅವನು ಸಿಲಿಂಡರಿನೊಳಗೆ ಕಾಗದದ ಸುರುಳಿ ತೂರಿಸಿ, ಗ್ರೀಸು ಮೆತ್ತಿದ ಬೆರಳಿನಿಂದ ತಿಕ್ಕಿ ಕಿಂಡಿಗಳ ಅಚ್ಚು ತೆಗೆಯುತ್ತಿದ್ದ. ಆಮೇಲೆ ಉಗುರಿನಷ್ಟೇ ಅಗಲದ ಅರ ಹಿಡಿದು ಕೂತರೆ ಊಟಕ್ಕೆ ಕರೆದವರಿಗೆ ಬೈಗುಳ. ಗಾಡಿ ಒಂದು ತಿಂಗಳು ಒಂದೇ ಥರ ಇದ್ದದ್ದನ್ನು ಯಾರೂ ಕಂಡಿಲ್ಲ. ಸೈಲೆನ್ಸರನ್ನು ತಗಡು ಕತ್ತರಿಸಿ, ಮಡಚಿ, ಬೆಸುಗೆ ಹಾಕಿ ತಾನೇ ಮಾಡಿದ. ಒಂಬತ್ತು ಸಲ ಮಾಡಿದ. ಒಂಬತ್ತನೆಯದನ್ನು ಕೂರಿಸಿದ ದಿನವೇ ಹತ್ತನೆಯದರ ಅಳತೆ ಬರೆಯುತ್ತಿದ್ದ.

ಈ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಕುಡಿಸಬೇಕು. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ನು ಗೋಡೆಗೆ ಕಚ್ಚಿಕೊಂಡು ಇಂಜಿನ್ ಹಿಡಿದು ನಿಲ್ಲುತ್ತದೆ. ಕಂಪನಿಯವರು ಇದಕ್ಕೆಂದೇ ಒಂದು ಪುಟ್ಟ ಪಂಪು ಇಟ್ಟಿದ್ದರು. ಇವನು ಅದನ್ನು ಮೊದಲ ವರ್ಷವೇ ಕಿತ್ತು ಹಾಕಿದ. ಲೀಟರಿಗೆ ನಲವತ್ತು ಎಂಎಲ್, ತನ್ನ ಕೈಯಾರೆ ಅಳೆದು ಬೆರೆಸಿದರೇ ಅವನಿಗೆ ಸಮಾಧಾನ. ಭಾನುವಾರ ಬೆಳಗ್ಗೆ ಟೀ ಅಂಗಡಿ ಎದುರು ಇಂಥದೇ ಗಾಡಿಗಳ ಹದಿನೈದು ಇಪ್ಪತ್ತು ಜನ ಸೇರುತ್ತಿದ್ದರು. ಒಬ್ಬರ ಗಾಡಿಯನ್ನೊಬ್ಬರು ಸುತ್ತು ಹಾಕಿ ನೋಡುವುದು, ಕಿವಿ ಕೊಟ್ಟು ಕೇಳುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಮೂತಿಯ ಬಣ್ಣ ಓದುವುದು, ಜಗಳ ಆಡುವುದು. ಅಲ್ಲಿ ಇವನ ಮಾತೇ ಕೊನೆಯ ಮಾತು. ಯಾರಾದರೂ ಎಣ್ಣೆ ಕಡಿಮೆ ಮಾಡುವ ಮಾತೆತ್ತಿದರೆ ಎಲ್ಲರೆದುರೇ ಮರ್ಯಾದೆ ತೆಗೆಯುತ್ತಿದ್ದ. "ನಿಮ್ಮನೆ ಅಡಿಗೆಗೆ ಎಣ್ಣೆ ಕಡಿಮೆ ಹಾಕ್ಕೊ. ಇಂಜಿನ್ ಹತ್ರ ಜಿಪುಣತನ ತೋರಿಸ್ಬೇಡ."

ಆಗ ಬಂತು ಹೊಸ ಆದೇಶ. ಹಳೆಯ ಟೂ-ಸ್ಟ್ರೋಕ್ ಗಾಡಿಗಳು ಹೊಗೆ ಪರೀಕ್ಷೆ ಪಾಸಾಗಬೇಕು. ಆಗದವು ಆ ತಿಂಗಳ ಕೊನೆಗೆ ನೋಂದಣಿ ಕಳೆದುಕೊಂಡು ಜಜ್ಜುವ ಯಂತ್ರದ ಬಾಯಿಗೆ. ಆ ಹೊಗೆ ಕೆಟ್ಟದ್ದು ಅನ್ನುವುದರಲ್ಲಿ ಸುಳ್ಳಿಲ್ಲ. ಹಿಂದೆ ಸೈಕಲ್ ತುಳಿದುಕೊಂಡು ಹೋದವರಿಗೆ ಗೊತ್ತು. ಆದರೆ ಆದೇಶ ಹೊರಡಿಸಿದ ಕಚೇರಿಯ ಮುಂದೆಯೇ ಸರ್ಕಾರಿ ಲಾರಿಗಳು ಕರಿ ಹೊಗೆ ಕಾರುತ್ತ ನಿಂತಿರುತ್ತವೆ. ಲಾರಿಗೆ ಇಲ್ಲದ ಹೊಗೆ ಅಳೆಯುವ ಯಂತ್ರ ಬಡವನ ಬೈಕಿಗೆ ಹೇಗೆ ಸಿಕ್ಕಿತು ಅಂತ ಕೇಳಬೇಕಿತ್ತು. ಕೇಳಲು ಸಂಘ ಕಟ್ಟೋಣ ಅಂದರೆ ಈ ಜನಕ್ಕೆ ಸೈಲೆನ್ಸರಿನ ಉದ್ದದ ಬಗ್ಗೆಯೇ ಒಮ್ಮತವಿಲ್ಲ.

ತುರಿಕೆ ಮೂರು ವಾರ ಗುದ್ದಾಡಿದ. ತನ್ನ ಸೈಲೆನ್ಸರ್ ಬಿಚ್ಚಿ ಗುಜರಿಯಿಂದ ತಂದ ಕಂಪನಿಯ ಸೈಲೆನ್ಸರ್ ಹಾಕಿದ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸಿದ, ಮತ್ತೆ ಬದಲಿಸಿದ. ಹೊಗೆ ಕಡಿಮೆಯಾಯಿತು, ಹೋಗಲಿಲ್ಲ. ಉಳಿದದ್ದು ಎಣ್ಣೆ ಸುಟ್ಟ ಹೊಗೆ. ಕೊನೆಯ ದಿನದ ಬೆಳಗ್ಗೆ ಅಂಗಳದಲ್ಲಿ ಕೂತು ಎಣ್ಣೆ ಅಳೆಯುವಾಗ ಹೆಂಡತಿ ವ್ಯಾನು ತೊಳೆಯುತ್ತಿದ್ದಳು.

"ರೀ, ಅದೇನು ಇವತ್ತು ಹನಿ ಲೆಕ್ಕ ಹಾಕ್ತಿದೀರಾ?"

"ಹನ್ನೆರಡು ಎಂಎಲ್. ಇವತ್ತೊಂದಿನ. ನಿಧಾನಕ್ಕೆ ಹೋಗಿ ನಿಧಾನಕ್ಕೆ ಬಂದ್ರೆ ಏನೂ ಆಗಲ್ಲ."

"ನಿಧಾನಕ್ಕೆ? ನೀವು?" ಅವಳು ಬಕೆಟ್ ಕೆಳಗಿಟ್ಟಳು. "ತಾಳಿ, ರಜ ಹಾಕಿ ನಾನೂ ಬರ್ತೀನಿ."

ತಪಾಸಣೆಯ ಅಂಗಳದಲ್ಲಿ ಗೇಟಿನಿಂದಾಚೆಗೂ ಸಾಲು. ಇವನ ಚೀಟಿ ಅರವತ್ತೊಂದು. ಒಳಗೆ ನಡೆಯುತ್ತಿದ್ದದ್ದು ಇಪ್ಪತ್ತಮೂರು. ಹಿಂದೆಯೇ ಭಾನುವಾರದ ಗೆಳೆಯ ದರ್ಜಿ, ತನ್ನ ಕೆಂಪು ಗಾಡಿಯೊಂದಿಗೆ ಅರವತ್ತೆರಡನೆಯವನು. ಹೆಂಡತಿ ಗೋಡೆಯ ನೆರಳಲ್ಲಿ ಕೂತು ಚೀಟಿ ಹಿಡಿದುಕೊಂಡಳು.

ಬಿಸಿಲು. ಸಾಲು ಐದು ನಿಮಿಷಕ್ಕೆ ಒಂದು ಗಾಡಿಯಷ್ಟು ಜರುಗುತ್ತಿತ್ತು. ಬೇರೆಯವರು ಇಂಜಿನ್ ಆರಿಸಿ ಸೀಟಿನ ಮೇಲೆ ಒರಗಿದರು. ಇವನಿಗೆ ಆಗಲಿಲ್ಲ. ಸ್ಟಾರ್ಟ್ ಮಾಡಿದ, ಕಿವಿ ಕೊಟ್ಟ, ಆರಿಸಿದ. ಸ್ಕ್ರೂ ಕಾಲು ಸುತ್ತು ತಿರುಗಿಸಿದ, ಮತ್ತೆ ಸ್ಟಾರ್ಟ್ ಮಾಡಿದ.

"ಗುರುವೇ, ಬಿಡು ಅದನ್ನ" ಅಂದ ದರ್ಜಿ. "ಪರೀಕ್ಷೆ ಸಾಹೇಬರು ಒಳಗವ್ರೆ. ಇಲ್ಲಿ ಯಾರಿಗೆ ತೋರಿಸ್ತಿದೀಯ?"

"ಐಡ್ಲಿಂಗ್ ಸರಿ ಇಲ್ಲ ಕಣೋ."

"ಇಪ್ಪತ್ತು ವರ್ಷದಿಂದ ಸರಿ ಇಲ್ಲ ಅಂತಾನೇ ಅಂತಿದೀಯ. ನನ್ನ ಹೊಲಿಗೆ ಮಷೀನನ್ನೂ ಹಿಂಗೇ ಕೆಡಿಸಿದ್ದೆ."

"ಕೆಡಿಸಿಲ್ಲ, ರೆಡಿ ಮಾಡಿದ್ದೆ. ಹೋದ ವರ್ಷ."

"ಅದಾದ್ಮೇಲೇ ಅದು ಪ್ಯಾಂಟಿನ ಜೊತೆ ಬೆರಳೂ ಹೊಲಿಯಕ್ಕೆ ಶುರು ಮಾಡಿದ್ದು!"

ಹೆಂಡತಿ ಜೋರಾಗಿ ನಕ್ಕಳು. ತುರಿಕೆ ನಗಲಿಲ್ಲ. ಅವನ ಕಣ್ಣು ಸೈಲೆನ್ಸರಿನ ತುದಿಯ ಮೇಲಿತ್ತು. ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಸುಮ್ಮನೆ ಗುರುಗುಟ್ಟಿಸಿದ್ದಕ್ಕೆ ಸುಡದ ಎಣ್ಣೆ ಒಳಗೆ ಸೇರಿಕೊಂಡು, ಈಗ ತುದಿಯಿಂದ ಕರಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹೀಗೇ ಒಳಗೆ ಹೋದರೆ ಯಂತ್ರದ ಮುಂದೆ ನೀಲಿ ಮೋಡ ಏಳುವುದು ಖಂಡಿತ. ಟೂ-ಸ್ಟ್ರೋಕ್ ಇಟ್ಟುಕೊಂಡವರೆಲ್ಲರಿಗೂ ಇದರ ಮದ್ದು ಗೊತ್ತು. ಎರಡು ಮೈಲಿ ಪೂರ್ತಿ ರೇಸ್ ಕೊಟ್ಟು ಓಡಿಸಿದರೆ ಶಾಖಕ್ಕೆ ಎಲ್ಲ ಸುಟ್ಟು ಕೊಳವೆ ಒಣಗುತ್ತದೆ.

"ಐವತ್ತು ನಡೀತಿದೆ. ಒಂದು ಸುತ್ತು ಹೋಗಿ ಬರ್ತೀನಿ" ಅಂದ.

"ನಿಧಾನಕ್ಕೆ ಅಂದಿದ್ರಿ" ಅಂದಳು ಹೆಂಡತಿ.

ಅವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು. ಆ ಹೊತ್ತಿಗೆ ಅವನ ಮೈಯೆಲ್ಲ ಹೊರಡುವುದರಲ್ಲೇ ಇತ್ತು.

ಊರಾಚೆಯ ಗೋಡೌನುಗಳ ಉದ್ದದ ರಸ್ತೆ. ಮೂರನೆ ಗೇರು, ನಾಲ್ಕು, ಐದು. ಹಿಂದೆ ನೀಲಿ ಹೊಗೆ ದಪ್ಪಗೆ ಎದ್ದು, ತೆಳ್ಳಗಾಗಿ, ನಿಂತೇ ಹೋಯಿತು. ಅದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಅಲ್ಲಿಗೇ ಸಾಕು ಅನ್ನಬೇಕಿತ್ತು. ಗಾಡಿ ಅಷ್ಟು ಹಗುರವಾಗಿ ಎಂದೂ ಓಡಿರಲಿಲ್ಲ. ಇವನು ಇನ್ನೂ ತಿರುವಿದ. ಕಿರುಚು ಸಣ್ಣದಾಯಿತು, ಒಣಗಿದಂತಾಯಿತು. ಆ ಒಣ ಸದ್ದಿನ ಅರ್ಥ ಇವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎಣ್ಣೆ ಹನ್ನೆರಡೇ ಎಂಎಲ್ ಅನ್ನುವುದು ನೆನಪಾಗುವುದಕ್ಕೂ ಹಿಂದಿನ ಚಕ್ರ ಕಚ್ಚಿಕೊಂಡು ಟಯರು ಚೀರುವುದಕ್ಕೂ ನಡುವೆ ಹೊತ್ತೇ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸದಿಂದ ಎರಡು ಬೆರಳು ಕ್ಲಚ್ ಮೇಲೇ ಇದ್ದವು. ಅವು ಎಳೆದವು, ಇವನು ಬದುಕಿಕೊಂಡ. ಇಂಜಿನ್ ನಿಂತಿತ್ತು.

ತಳ್ಳಿಕೊಂಡು ವಾಪಸ್ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಐವತ್ತೇಳು ನಡೆಯುತ್ತಿತ್ತು. ಇವನು ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದ. ಇಂಜಿನ್ ತಣಿದಿದ್ದರಿಂದ ಪಿಸ್ಟನ್ನು ಬಿಟ್ಟುಕೊಂಡಿತು, ಆದರೆ ಮರಳಿನ ಮೇಲೆ ಎಳೆದ ಹಾಗೆ.

ದರ್ಜಿ ಬಗ್ಗಿ ಕೇಳಿಸಿಕೊಂಡ. "ಪ್ಲಗ್ ಬಿಚ್ಚು ಗುರುವೇ. ಎರಡು ಚಮಚ ಎಣ್ಣೆ ಒಳಗೆ ಬಿಡು. ಸಿಲಿಂಡರ್ ಉಳಿಯತ್ತೆ."

"ಬಿಟ್ರೆ ಹೊಗೆ ಬರತ್ತೆ."

"ಬರತ್ತೆ."

"ಹೊಗೆ ಬಂದ್ರೆ ಫೇಲು. ಇವತ್ತೇ ಕೊನೇ ದಿನ."

"ಬಿಡದೆ ರೇಸ್ ಕೊಟ್ರೆ ಗೋಡೆ ಉಳಿಯಲ್ಲ. ಬೋರ್ ಮಾಡ್ಸಕ್ಕೆ ಇನ್ನು ಜಾಗ ಇದ್ಯಾ?"

ಇರಲಿಲ್ಲ. ಸವೆದಾಗಲೆಲ್ಲ ಸಿಲಿಂಡರನ್ನು ಒಂದಿಷ್ಟು ಅಗಲ ಮಾಡಿಸುತ್ತ ಬಂದು ಅದು ಕೊನೆಯ ಅಳತೆ ಮುಟ್ಟಿತ್ತು. ಅದರ ಒಳಗಿನ ಪ್ರತಿ ಕಿಂಡಿಯೂ ಇವನು ಅರದಿಂದ ತೀಡಿದ್ದು. ಅಂಥದು ಇನ್ನೊಂದಿಲ್ಲ. ಪಾಸಾದ ಕಾಗದ ಬೇಕೆಂದರೆ ಸಿಲಿಂಡರ್ ಹೋಗುತ್ತದೆ. ಸಿಲಿಂಡರ್ ಬೇಕೆಂದರೆ ಗಾಡಿಯೇ ಜಜ್ಜುವ ಯಂತ್ರಕ್ಕೆ.

ಇವನು ಎಣ್ಣೆ ಬಾಟಲಿ ಹಿಡಿದು ನಿಂತ. ಮುಚ್ಚಳ ತಿರುಗಿಸಿದ, ಹಾಕಿದ, ತಿರುಗಿಸಿದ.

"ಅರವತ್ತು ಕರೆದ್ರು" ಅಂದಳು ಹೆಂಡತಿ. "ಹಾಕೋದಾದ್ರೆ ಹಾಕಿ, ಇಲ್ಲಾಂದ್ರೆ ಒಳಗಿಡಿ."

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನಾನಾಗಿದ್ರೆ ಬೆಳಗ್ಗೆ ಎಣ್ಣೆ ಕಡಿಮೆ ಹಾಕ್ತಿರ್ಲಿಲ್ಲ."

ಅವನು ಬಾಟಲಿ ಒಳಗಿಟ್ಟ.

ಐದನೆ ಕಿಕ್ಕಿಗೆ ಇಂಜಿನ್ ಎದ್ದಿತು. ಡಬ್ಬಿಯೊಳಗೆ ನಟ್ಟು ಹಾಕಿ ಅಲ್ಲಾಡಿಸಿದಂಥ ಸದ್ದು. ತಪಾಸಣೆಯ ಅಧಿಕಾರಿ ಕನ್ನಡಕ ಏರಿಸಿ ನೋಡಿದರು.

"ಏನ್ರೀ ಇದು ಸದ್ದು?"

"ಹಳೇ ಗಾಡಿ ಸಾರ್."

"ಸದ್ದಿಗೆ ನನ್ನ ಹತ್ರ ಕಾಲಂ ಇಲ್ಲ ಬಿಡಿ. ರೇಸ್ ಕೊಡಿ. ಪೂರ್ತಿ. ಹಿಡ್ಕೊಳ್ಳಿ, ಬಿಡ್ಬೇಡಿ."

ಅವರು ಸೈಲೆನ್ಸರಿಗೆ ನಳಿಕೆ ತೂರಿಸಿದರು. ಇವನು ತಿರುವಿ ಹಿಡಿದ. ಒಳಗೆ ಲೋಹ ಲೋಹವನ್ನು ಗೀರುವುದು ದರ್ಜಿಗೆ ಗೇಟಿನ ಹತ್ತಿರ ಕೇಳಿಸಿ ಅವನು ಮುಖ ಆ ಕಡೆ ತಿರುಗಿಸಿದ. ಹೆಂಡತಿ ತಿರುಗಿಸಲಿಲ್ಲ. ಅಧಿಕಾರಿ ಇನ್ನೊಮ್ಮೆ ಅಂದರು. ಇವನು ಇನ್ನೊಮ್ಮೆ ಹಿಡಿದ. ಹೊಗೆಯ ಎಳೆಯೂ ಬರಲಿಲ್ಲ. ಅವರು ಯಂತ್ರದ ಚೀಟಿ ಹರಿದು ಠಸ್ಸೆ ಒತ್ತುವಾಗಲೇ ಇಂಜಿನ್ ಒಂದು ಸಲ ಕೆಮ್ಮಿ ನಿಂತಿತು. ಈ ಸಲ ಕಿಕ್ಕರ್ ಅಲ್ಲಾಡಲಿಲ್ಲ.

"ಚೆನ್ನಾಗಿ ಇಟ್ಕೊಂಡಿದೀರಿ" ಅಂದರು ಅಧಿಕಾರಿ. "ಐದು ವರ್ಷ ಧಾರಾಳವಾಗಿ ಓಡಿಸಿ."

ದರ್ಜಿಯ ಗಾಡಿ ಹೊಗೆ ಬಿಟ್ಟಿತು, ಫೇಲಾಯಿತು. ಅವನ ಇಂಜಿನ್ ಗಟ್ಟಿಮುಟ್ಟಾಗಿತ್ತು. ಆ ಮಧ್ಯಾಹ್ನ ಸತ್ತ ಗಾಡಿಗೆ ಓಡುವ ಹಕ್ಕು ಸಿಕ್ಕಿತು, ಓಡುವ ಗಾಡಿಗೆ ಸಾಯುವ ಆದೇಶ ಸಿಕ್ಕಿತು.

ಭಾನುವಾರ ತುರಿಕೆ ನಡೆದುಕೊಂಡೇ ಟೀ ಅಂಗಡಿಗೆ ಹೋದ. ಅಲ್ಲಿದ್ದವರೆಲ್ಲರ ಎದುರು, "ಹನ್ನೆರಡು ಎಂಎಲ್ ಹಾಕಿದ್ದೆ. ನಾನೇ" ಅಂದ. ಬೈದರೆ ಬೈಯಿಸಿಕೊಳ್ಳೋಣ ಅಂತ ಸ್ವಲ್ಪ ಹೊತ್ತು ನಿಂತ. ಯಾರೂ ಬೈಯಲಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಯಿತು. ಟೀ ಪೂರ್ತಿ ಕುಡಿಯದೆ ಮನೆಗೆ ಬಂದು ಸಿಲಿಂಡರ್ ಕಳಚಿದ.

ಹೆಂಡತಿ ಒಳಗಿನಿಂದ ಬಂದಾಗ ಅವನು ಅದನ್ನು ವೈಸಿನಲ್ಲಿ ಬಿಗಿದು ಗರಗಸ ಹಾಕುತ್ತಿದ್ದ. ಉದ್ದಕ್ಕೆ, ನಡುವಿನಿಂದ ಎರಡು ಹೋಳು.

"ಸತ್ತಿದ್ದನ್ನ ಯಾಕ್ರೀ ಕೊಯ್ತೀರಾ?"

"ನೋಡಿಲ್ಲ ನಾನು ಇದನ್ನ. ಇಷ್ಟು ವರ್ಷ ಬೆರಳಲ್ಲೇ ತಡವಿಕೊಂಡು ಕೆಲಸ ಮಾಡಿದ್ದು. ಕಿಂಡಿಗೆ ಹೋಗೋ ಒಳಗಿನ ದಾರಿ ಹೆಂಗಿದೆ ಅಂತ ಕಣ್ಣಲ್ಲಿ ನೋಡಿಲ್ಲ."

ಎರಡು ತಾಸು ಹಿಡಿಯಿತು. ಹೋಳುಗಳನ್ನು ಅಕ್ಕಪಕ್ಕ ಇಟ್ಟು, ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದ. ಪಿಸ್ಟನ್ನು ಗೀರಿದ ಗೆರೆಗಳು ಉಗುರು ಇಳಿಯುವಷ್ಟು ಆಳ. ಅವನು ಅದನ್ನು ನೋಡಲಿಲ್ಲ. ಎಡದ ದಾರಿಗೂ ಬಲದ ದಾರಿಗೂ ಹೋಲಿಸಿ ನೋಡಿದ. ಎಡದ್ದು ತಿರುವಿನಲ್ಲಿ ಎರಡು ಮಿಲಿಮೀಟರ್ ಒಳಕ್ಕೆ ಉಬ್ಬಿತ್ತು. ಬೆರಳು ಮುಟ್ಟದ ಜಾಗ.

"ಸೊಟ್ಟ ಇದೆ" ಅಂದ. "ಮೊದಲಿಂದ್ಲೂ ಸೊಟ್ಟ."

"ಆದ್ರೂ ಓಡ್ತಿತ್ತಲ್ಲ?"

"ಓಡ್ತಿತ್ತು."

"ಹಂಗಾದ್ರೆ ಸರಿಯಾಗೇ ಇತ್ತು ಬಿಡಿ."

"ಇಲ್ಲ" ಅಂದ ತುರಿಕೆ. ಹಳೆಯ ಸಿಲಿಂಡರ್ ಎಲ್ಲಿ ಸಿಗಬಹುದು ಅಂತ ಗುಜರಿಯವನಿಗೆ ಫೋನ್ ಹಚ್ಚಿ, ಆ ಕಡೆಯವನು ಎತ್ತುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.